ಹೆಬ್ಬೆರಳಷ್ಟು ಮಾಂತ್ರಿಕನಿಗೆ ಮೈಸೂರು ಸಿಲ್ಕ್ ಮೇಲಂಗಿ

ಈ ಸಲ ಬಣ್ಣಕ್ಕೆ ಕೂರಿಸಿರುವುದು ಒಬ್ಬ ಮುದುಕ ಮಾಂತ್ರಿಕನನ್ನು. 32 ಮಿ.ಮೀ. ಅಳತೆಯ ಗೊಂಬೆ, ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ತೆರೆದ ಪುಸ್ತಕ, ಹೊಟ್ಟೆಯವರೆಗೆ ಇಳಿದ ಗಡ್ಡ, ಬೆನ್ನ ಹಿಂದೆ ಗಾಳಿಗೆ ಉಬ್ಬಿ ಹಾರುತ್ತಿರುವ ದೊಡ್ಡ ಮೇಲಂಗಿ. ಆ ಮೇಲಂಗಿ ನೋಡಿಯೇ ಇವನನ್ನು ಆರಿಸಿಕೊಂಡೆ. ಹಿಂದಿನಿಂದ ನೋಡಿದರೆ ಮುಕ್ಕಾಲು ಭಾಗ ಬಟ್ಟೆಯೇ. ಪಟ್ಟಿ, ಚೀಲ, ತಾಯಿತ ಅಂತ ಕಣ್ಣನ್ನು ಬೇರೆ ಕಡೆ ಎಳೆಯುವ ಸಾಮಾನು ಅಲ್ಲಿ ಏನೂ ಇಲ್ಲ. ನೆರಿಗೆಗಳು, ಅವುಗಳ ಮೇಲೆ ಬೀಳುವ ಬೆಳಕು, ಅಷ್ಟೇ.

ಒಂದು ಗೊಂಬೆಗೆ ಒಂದೇ ಪಾಠ ಎಂದು ಇಟ್ಟುಕೊಂಡಿದ್ದೇನೆ. ಮುಖ, ಲೋಹ, ಚರ್ಮ, ಕಲ್ಲು ಎಲ್ಲವನ್ನೂ ಒಟ್ಟಿಗೆ ಸುಧಾರಿಸಲು ಹೊರಟರೆ ಯಾವುದರಲ್ಲಿ ಏನು ಕಲಿತೆವು ಅನ್ನುವುದೇ ತಿಳಿಯುವುದಿಲ್ಲ. ಇವನ ಪಾಠ ಮೇಲಂಗಿ. ಕೆಂಪು ಬಣ್ಣ, ರೇಷ್ಮೆ ಬಟ್ಟೆ. ನೆರಳಿನಿಂದ ಬೆಳಕಿಗೆ ಬಣ್ಣ ಏರುವಾಗ ಎಲ್ಲೂ ಗೆರೆ ಕಾಣಬಾರದು. ಅದೂ ಯಾವುದೋ ರೇಷ್ಮೆ ಅಲ್ಲ, ಮೈಸೂರು ಸಿಲ್ಕ್ ಅಂತ ನೋಡಿದವರಿಗೆ ಅನ್ನಿಸಬೇಕು.

ಈ ಹವ್ಯಾಸ ಹೊಸದು ಅನ್ನುವವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ 1974ರಲ್ಲಿ ಬಂತು, ವಾರ್‌ಹ್ಯಾಮರ್ 1983ರಲ್ಲಿ. ಮೇಜಿನ ಮೇಲೆ ಆಡುವ ಇಂಥ ಆಟಗಳ ಪಾತ್ರಗಳೇ ಈ ಪುಟ್ಟ ಗೊಂಬೆಗಳು. 28, 32 ಅಂತ ಹೇಳುವುದು ಹೆಚ್ಚುಕಡಿಮೆ ಅಂಗಾಲಿನಿಂದ ಕಣ್ಣಿನವರೆಗಿನ ಅಳತೆ, ಆದರೆ ತಯಾರಕರು ಒಬ್ಬೊಬ್ಬರು ಒಂದೊಂದು ಥರ ಅಳೆಯುತ್ತಾರೆ. ಆಡುವವರು ಆಡುತ್ತಾರೆ, ನನ್ನಂಥವರು ಬಣ್ಣ ಹಚ್ಚುವುದಕ್ಕೆಂದೇ ತರಿಸುತ್ತಾರೆ. ದಸರಾ ಬಂತೆಂದರೆ ಮನೆಮನೆಯಲ್ಲೂ ಗೊಂಬೆ ಕೂರಿಸುವ ಊರಲ್ಲಿ ಇದೇನೂ ವಿಚಿತ್ರ ಅಲ್ಲ ಬಿಡಿ.

ಪಾರ್ಸೆಲ್ ಬಿಚ್ಚಿದಾಗ ದಂಡ ಬಾಗಿತ್ತು, ಅದರ ತುದಿಯ ಚಂದ್ರ ಮುರಿದು ಬೇರೆ ಬಿದ್ದಿತ್ತು. ತೆಳ್ಳಗಿನ ರೆಸಿನ್ ಕಡ್ಡಿ ಬಾಗುವುದು ತೀರಾ ಸಾಮಾನ್ಯ, ಗಾಬರಿ ಬೇಡ. ಒಂದು ಲೋಟ ನೀರು ಕಾಯಿಸಿ, ಬೆರಳಿಡಲು ಆಗದಷ್ಟು ಬಿಸಿ ಇದ್ದರೆ ಸಾಕು, ದಂಡವನ್ನು ಅದರಲ್ಲಿ ಅದ್ದಿ ಹಿಡಿದರೆ ಮೆತ್ತಗಾಗುತ್ತದೆ. ಆಗ ಸ್ಕೇಲಿನ ಮೇಲಿಟ್ಟು ನೇರ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಇಳಿಸಬೇಕು. ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ಬಲವಂತ ಮಾಡಬಾರದು, ಪೂರ್ತಿ ನೇರ ಆಗದಿದ್ದರೆ ಮತ್ತೊಮ್ಮೆ ಬಿಸಿನೀರಿಗೆ.

ಚಂದ್ರನಿಗೆ ಬರೀ ಫೆವಿಕ್ವಿಕ್ ಸಾಲದು. ಮುರಿದ ಜಾಗ ಒಂದು ಮಿ.ಮೀ. ಅಗಲವೂ ಇಲ್ಲ, ಕೈ ತಗುಲಿದರೆ ಮತ್ತೆ ಕಳಚುತ್ತದೆ. ಹಾಗಾಗಿ ಎರಡೂ ಕಡೆ ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್‌ನಿಂದ 0.6 ಮಿ.ಮೀ. ತೂತು ತೆಗೆದು, ನಂ. 10 ಸ್ಟೇಪ್ಲರ್ ಪಿನ್ನಿನ ಒಂದು ಚೂರು ತಂತಿಯನ್ನು ಒಳಗೆ ಕೂರಿಸಿ ಅಂಟಿಸಿದೆ. ಈಗ ಚಂದ್ರ ಹಿಡಿದು ಗೊಂಬೆ ಎತ್ತಿದರೂ ಬರುತ್ತದೆ. ಪ್ರಿಂಟ್ ಮಾಡುವಾಗ ಆಸರೆಗೆ ಕೊಟ್ಟ ಕಡ್ಡಿಗಳ ಗುರುತು ಮೇಲಂಗಿಯ ಕೆಳ ಅಂಚಿನಲ್ಲಿ ಸಾಲಾಗಿ ಉಳಿದಿದ್ದವು. ಅವನ್ನು ಬ್ಲೇಡಿನಿಂದ ಸವರಿ, 600, ಆಮೇಲೆ 1000 ನಂಬರಿನ ವಾಟರ್ ಪೇಪರ್‌ನಿಂದ ಒದ್ದೆ ಮಾಡಿಯೇ ತಿಕ್ಕಿದೆ. ರೆಸಿನ್ ಪುಡಿ ಉಸಿರಿಗೆ ಹೋಗಬಾರದು, ಅದಕ್ಕೇ ನೀರು. ಜೊತೆಗೆ ಮಾಸ್ಕ್. ಮುಟ್ಟಿದರೆ ಅಂಟಂಟು ಅನ್ನಿಸಿದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಕೈಗವಸು ಹಾಕಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ತಾರಸಿಯ ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣವೇ ಅದನ್ನು ಗಟ್ಟಿ ಮಾಡುತ್ತದೆ. ದಿನವಿಡೀ ಬಿಟ್ಟರೆ ಪೆಡಸಾಗಿ ಮುರಿಯುತ್ತದೆ, ಹುಷಾರು.

ಪ್ರೈಮರ್ ಹೊಡೆಯಲು ಮೈಸೂರಿನ ಮಾರ್ಚ್ ತಿಂಗಳ ಬೆಳಗ್ಗೆ ತುಂಬ ಒಳ್ಳೆಯದು. ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಸುಡುತ್ತಿರುವುದಿಲ್ಲ. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ತೇವಕ್ಕೆ ಮೇಲ್ಮೈ ತರಿತರಿ ಆಗುವ ಸಾಧ್ಯತೆ ಜಾಸ್ತಿ, ಆಗ ಬ್ರಶ್‌ನಲ್ಲಿ ಹಚ್ಚುವ ಪ್ರೈಮರೇ ವಾಸಿ. ಮೊದಲು ಎಲ್ಲ ಕಡೆ ಕಪ್ಪು. ಒಣಗಿದ ಮೇಲೆ ಓರೆಯಾಗಿ ಬೂದು. ಕೊನೆಗೆ ಮೇಲಿನಿಂದ, ಸ್ವಲ್ಪ ಎಡಕ್ಕೆ ವಾಲಿಸಿ, ಬಿಳಿಯನ್ನು ಚೂರು ಚೂರೇ. ಇದನ್ನು ಜೆನಿತಲ್ ಪ್ರೈಮಿಂಗ್ ಅನ್ನುತ್ತಾರೆ. ಸೂರ್ಯ ಎಲ್ಲಿದ್ದಾನೆ ಅನ್ನುವುದು ಬಣ್ಣ ಹಚ್ಚುವ ಮೊದಲೇ ಗೊಂಬೆಯ ಮೇಲೆ ಬರೆದುಬಿಡುತ್ತದೆ. ನನ್ನ ಸೂರ್ಯ ಎಡ ಮೇಲ್ಭಾಗದಲ್ಲಿ, ಯಾಕೆಂದರೆ ಮಾಂತ್ರಿಕನ ಮುಖವೂ ಎಡಕ್ಕೇ ತಿರುಗಿದೆ. ಪ್ರೈಮರ್ ಒಣಗಿದ ಕೂಡಲೇ ನಾಲ್ಕೂ ಕಡೆಯಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡೆ. ಮುಂದೆ ಕೆಂಪು ಹಚ್ಚಿದ ಮೇಲೆ ಈ ಬೆಳಕು ಮುಚ್ಚಿಹೋಗುತ್ತದೆ, ಆಗ ಆ ಫೋಟೊಗಳೇ ನಕ್ಷೆ.

ಬೆಳಕನ್ನು ನಾವ್ಯಾಕೆ ಬರೆಯಬೇಕು, ಕೋಣೆಯ ಬೆಳಕು ತಾನಾಗೇ ಬೀಳುತ್ತದಲ್ಲ ಎಂದು ಯಾರಾದರೂ ಕೇಳಿದರೆ ನಾನು ಚಾಮುಂಡಿ ಬೆಟ್ಟದ ಮಹಿಷಾಸುರನನ್ನು ನೋಡಿ ಬನ್ನಿ ಅನ್ನುತ್ತೇನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ದೊಡ್ಡ ಮೀಸೆ, ಗಾಢ ಬಣ್ಣಗಳು. ಅವನ ಮೈಗೆ ಹಚ್ಚಿರುವುದು ಬಹುತೇಕ ಒಂದೇ ಸಮನೆ ಬಣ್ಣ. ಆದರೂ ಮಧ್ಯಾಹ್ನ ಹನ್ನೆರಡಕ್ಕೆ ಎದುರು ನಿಂತು ನೋಡಿದರೆ ಹುಬ್ಬಿನ ಕೆಳಗೆ, ಮೀಸೆಯ ಕೆಳಗೆ, ಎತ್ತಿದ ತೋಳಿನ ಅಡಿಯಲ್ಲಿ ದಟ್ಟ ನೆರಳು. ವಿಗ್ರಹ ದೊಡ್ಡದು, ಸೂರ್ಯನೇ ಅಲ್ಲಿ ಕೆಲಸ ಮಾಡಿಕೊಡುತ್ತಾನೆ. ಅದೇ ಮೀಸೆಯನ್ನು ಎರಡು ಮಿ.ಮೀ.ಗೆ ಇಳಿಸಿ. ಅದರ ಕೆಳಗೆ ಬೀಳುವ ನೆರಳು ಕೂದಲೆಳೆಯಷ್ಟೂ ಇರುವುದಿಲ್ಲ, ಒಂದು ಮೊಳ ದೂರದಿಂದ ಕಣ್ಣಿಗೆ ಸಿಗುವುದೇ ಇಲ್ಲ. ಹಾಗಾಗಿ ದೊಡ್ಡ ದೇಹದ ಮೇಲೆ ಸೂರ್ಯ ಮಾಡುವುದನ್ನು ಪುಟ್ಟ ದೇಹದ ಮೇಲೆ ನಾವು ಬಣ್ಣದಲ್ಲಿ ಮಾಡಬೇಕು. ಸಾಲದ್ದಕ್ಕೆ ಸ್ವಲ್ಪ ಜಾಸ್ತಿಯೇ ಮಾಡಬೇಕು. ನನಗೆ ಇಡೀ ಹವ್ಯಾಸದಲ್ಲಿ ಅತಿ ಮುಖ್ಯ ಅನ್ನಿಸುವ ವಿಷಯ ಇದೊಂದೇ. ಬಣ್ಣ ಯಾವುದು ಅನ್ನುವುದು ಆಮೇಲಿನ ಪ್ರಶ್ನೆ, ಎಲ್ಲಿ ಎಷ್ಟು ಬೆಳಕು ಅನ್ನುವುದು ಮೊದಲನೆಯದು.

ಇನ್ನು ರೇಷ್ಮೆ. ಅಮ್ಮನ ಕೆಂಪು ಮೈಸೂರು ಸಿಲ್ಕ್ ಸೀರೆ ಬೇಕು ಎಂದಾಗ ಅವಳು ಬೀರುವಿನ ಬಾಗಿಲು ಹಿಡಿದುಕೊಂಡೇ ಕೇಳಿದಳು.

"ಯಾಕೋ?"

"ನೋಡೋಕೆ ಅಮ್ಮ. ಕಿಟಕಿ ಹತ್ರ ಕುರ್ಚಿ ಮೇಲೆ ಹಾಕಿ ಸುಮ್ನೆ ನೋಡ್ತೀನಿ."

"ನಿನ್ನ ಬಣ್ಣದ ಕೈ ತಾಗಿಸಿಬಿಟ್ಟೀಯ. ನಾನೇ ಹಾಕ್ತೀನಿ, ನೀನು ದೂರ ಕೂತ್ಕೊ."

ಅವಳೇ ನೆರಿಗೆ ಹಿಡಿದು ಕುರ್ಚಿಯ ಬೆನ್ನಿನ ಮೇಲೆ ಇಳಿಬಿಟ್ಟಳು. ನಾನು ದೂರ ಕೂತೇ ನೋಡಿದೆ, ಮತ್ತು ಆ ಬೆಳಗ್ಗೆ ಕಲಿತಷ್ಟು ವಿಡಿಯೊ ನೋಡಿ ಕಲಿತಿರಲಿಲ್ಲ. ಹತ್ತಿ ಬಟ್ಟೆಯಲ್ಲಿ ಬೆಳಕು ನೆರಿಗೆಯ ಉಬ್ಬಿನ ಮೇಲೆ ಅಗಲವಾಗಿ ಹರಡಿಕೊಂಡು ನಿಧಾನಕ್ಕೆ ನೆರಳಾಗುತ್ತದೆ. ರೇಷ್ಮೆಯಲ್ಲಿ ಹೊಳಪು ಕಿರಿದು, ಉಬ್ಬಿನ ನೆತ್ತಿಯ ಮೇಲೆ ಒಂದು ಗೆರೆ, ಅದರ ಪಕ್ಕದಲ್ಲೇ ಬೇಗ ಕತ್ತಲು. ಆದರೆ ಮೈಸೂರು ಸಿಲ್ಕ್ ಕ್ರೇಪ್ ರೇಷ್ಮೆ. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದಿರುವುದರಿಂದ ಆ ಹೊಳಪು ಸ್ಯಾಟಿನ್ ಬಟ್ಟೆಯಂತೆ ಕಣ್ಣಿಗೆ ಚುಚ್ಚುವುದಿಲ್ಲ, ಗೆರೆಯ ಅಂಚು ಸ್ವಲ್ಪ ಮೆತ್ತಗಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಸೀರೆಯನ್ನು ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡೂ ಈ ಕಣ್ಣಿನಿಂದ ನೋಡುವ ಸಂದರ್ಭ ಬಂದಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಎರಡು ನೆರಿಗೆಗಳ ನಡುವಿನ ಆಳ ಕಪ್ಪಗಿರುವುದಿಲ್ಲ. ಕೆಂಪು ಗೋಡೆ ಕೆಂಪು ಗೋಡೆಗೆ ಎದುರಾಗಿ ನಿಂತಿರುತ್ತದಲ್ಲ, ಒಂದರಿಂದ ಪುಟಿದ ಬೆಳಕು ಇನ್ನೊಂದಕ್ಕೆ ಬಡಿದು ಅಲ್ಲಿ ಕೆಂಪು ಇನ್ನೂ ಗಾಢವಾಗುತ್ತದೆ. ಬಿಸಿ ಬಿಸಿ ಕೆಂಪು. ಅದೇ ಕುರ್ಚಿಯ ಹಿಂದೆ, ಬೆಳಕಿಗೆ ಬೆನ್ನು ಹಾಕಿದ ಭಾಗ ನೋಡಿದರೆ ಬಣ್ಣ ಸತ್ತು ತಣ್ಣಗಿನ ಕಂದುಗಪ್ಪು. ಅಂದರೆ ನೆರಳು ಒಂದೇ ಅಲ್ಲ, ಎರಡು. ಇಡೀ ಮೇಲಂಗಿಗೆ ಒಂದೇ ಕಪ್ಪು ವಾಶ್, ಅಂದರೆ ಸಂದುಗಳಿಗೆ ಹರಿದು ನಿಲ್ಲುವ ನೀರು ಬಣ್ಣ, ಸುರಿದರೆ ಈ ವ್ಯತ್ಯಾಸ ಹೋಗಿಬಿಡುತ್ತದೆ. ಹಾಗಾಗಿ ಈ ಗೊಂಬೆಯ ಬಟ್ಟೆಗೆ ವಾಶ್ ಬಳಸುವುದೇ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ.

ಬ್ರಶ್ ಬಗ್ಗೆ ಒಂದು ಗಂಭೀರ ಮಾತು. ಅಂಗಡಿಗಳಲ್ಲಿ ಕೆಲವೊಮ್ಮೆ ಹೆಸರಿಲ್ಲದ, ಬುಡದಲ್ಲೂ ತುದಿಯಲ್ಲೂ ಕಂದು, ನಡುವೆ ತಿಳಿ ಬಣ್ಣದ ಕೂದಲಿನ ಬ್ರಶ್ ಕಾಣುತ್ತವೆ. ಅವು ಮುಂಗುಸಿ ಕೂದಲಿನವು ಆಗಿರಬಹುದು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಆ ಕೂದಲಿನ ವ್ಯಾಪಾರ ಅಪರಾಧ. ದಯವಿಟ್ಟು ಕೊಳ್ಳಬೇಡಿ. ಹೊರದೇಶದವರು ಹೊಗಳುವ ಕೊಲಿನ್ಸ್ಕಿ ಬ್ರಶ್ಶಿನ ಕೂದಲು ಸೈಬೀರಿಯಾದ ಒಂದು ಬಗೆಯ ವೀಸಲ್ ಪ್ರಾಣಿಯ ಬಾಲದ್ದು. ವಿನ್ಸರ್ ಅಂಡ್ ನ್ಯೂಟನ್‌ನವರ ಸೀರೀಸ್ 7 ಬ್ರಶ್ 1866ರಲ್ಲಿ ವಿಕ್ಟೋರಿಯಾ ರಾಣಿಗೆಂದು ಮಾಡಿದ್ದು, 7 ಅವಳಿಗೆ ಇಷ್ಟವಾದ ಸೈಜು. ಚೆನ್ನಾಗಿರುತ್ತದೆ, ನಿಜ. ಆದರೆ ನಾನು ಇಡೀ ಮೇಲಂಗಿ ಮುಗಿಸಿದ್ದು ಸಿಂಥೆಟಿಕ್ ಬ್ರಶ್‌ನಲ್ಲಿ, 2ನೇ ನಂಬರು ಮತ್ತು 1ನೇ ನಂಬರು. ಗೊಂಬೆ ಚಿಕ್ಕದು ಎಂದು ಮೂರು ಸೊನ್ನೆಯ ತೀರ ಸಣ್ಣ ಬ್ರಶ್ ಹಿಡಿಯಬೇಕಿಲ್ಲ. ಅದರಲ್ಲಿ ಬಣ್ಣ ನಿಲ್ಲುವುದೇ ಚೂರು, ಗೊಂಬೆಗೆ ತಾಗುವ ಮೊದಲೇ ತುದಿಯಲ್ಲಿ ಒಣಗುತ್ತದೆ. ಬೇಕಾಗಿರುವುದು ಚೂಪಾದ ತುದಿ, ಸಣ್ಣ ಹೊಟ್ಟೆಯಲ್ಲ.

ಒಣಗುವ ವಿಷಯ ಬಂದಿದ್ದರಿಂದ ವೆಟ್ ಪ್ಯಾಲೆಟ್, ಅಂದರೆ ಬಣ್ಣವನ್ನು ಒಣಗದಂತೆ ಒದ್ದೆಯಾಗಿಡುವ ತಟ್ಟೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಅಕ್ರಿಲಿಕ್ ಬಣ್ಣ ನಿಮಿಷದಲ್ಲಿ ಗಟ್ಟಿ. ಮುಚ್ಚಳ ಇರುವ ಅಗಲದ ಊಟದ ಡಬ್ಬಿ ತೆಗೆದುಕೊಂಡು, ಒಳಗೆ ಟಿಶ್ಯೂ ಪೇಪರ್ ಹಲವು ಮಡಿಕೆ ಹಾಸಿ, ನೀರು ಹಾಕಿ, ಮೇಲೆ ಬೇಕಿಂಗ್ ಪೇಪರ್ ಹಾಸಿದರೆ ಆಯಿತು. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮೇಣದ ಪೇಪರ್ ಆಗುವುದಿಲ್ಲ, ಅದು ನೀರನ್ನು ಮೇಲಕ್ಕೆ ಬಿಡುವುದಿಲ್ಲ. ನೀರಿನ ವಿಷಯದಲ್ಲಿ ನಾನು ಸ್ವಲ್ಪ ಮಡಿ. ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ತೀರ ತೆಳುವಾದ ಪದರಕ್ಕೆ ಫಿಲ್ಟರ್ ಆದ ನೀರನ್ನೇ ಬಳಸುತ್ತೇನೆ. ಕೂತಾಗ ಫ್ಯಾನ್ ಬಂದ್.

ಈಗ ಕೆಂಪಿಗೆ ಬರೋಣ. ಕೆಂಪು ಹಟಮಾರಿ ಬಣ್ಣ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಕಾರಣಗಳಿವೆ. ಒಂದು, ಹೆಚ್ಚಿನ ಕೆಂಪು ಬಣ್ಣಗಳು ಪಾರದರ್ಶಕ, ಕೆಳಗಿರುವುದನ್ನು ಮುಚ್ಚುವುದಿಲ್ಲ. ಕಪ್ಪಿನ ಮೇಲೆ ಹಚ್ಚಿದರೆ ಇಟ್ಟಿಗೆಪುಡಿಯ ಬಣ್ಣ, ಬಿಳಿಯ ಮೇಲೆ ಹಚ್ಚಿದರೆ ಗುಲಾಬಿ ಛಾಯೆ. ಎರಡು, ತಿಳಿ ಮಾಡಲು ಬಿಳಿ ಬೆರೆಸಿದ ತಕ್ಷಣ ಕೆಂಪು ಸತ್ತು ಗುಲಾಬಿ ಹುಟ್ಟುತ್ತದೆ. ಮೂರನೆಯದು ಅಷ್ಟಾಗಿ ಯಾರೂ ಹೇಳದ್ದು. ಕೆಂಪು ಕಣ್ಣಿಗೆ ಎಷ್ಟೇ ಉರಿದರೂ ಫೋಟೊವನ್ನು ಕಪ್ಪು ಬಿಳುಪು ಮಾಡಿ ನೋಡಿದರೆ ಅದು ಸಾಕಷ್ಟು ಗಾಢ ಬೂದು. ಅಚ್ಚ ಕೆಂಪಿನಲ್ಲೇ ಉಳಿದುಕೊಂಡು ಬೆಳಕು ತೋರಿಸಲು ಆಗುವುದಿಲ್ಲ, ಮೇಲಕ್ಕೆ ಹೋಗಬೇಕಾದರೆ ಕೆಂಪನ್ನು ಬಿಟ್ಟು ಕಿತ್ತಳೆಯ ಕಡೆ, ಅಲ್ಲಿಂದ ಚರ್ಮದ ತಿಳಿ ಬಣ್ಣದ ಕಡೆ ನಡೆಯಲೇಬೇಕು.

ಹಾಗಾಗಿ ನಾನು ಕೆಂಪಿನಿಂದ ಶುರು ಮಾಡಲಿಲ್ಲ. ಪ್ರೈಮರ್ ಮೇಲೆ ಮೊದಲು ಕಂದು ಮತ್ತು ಕೆನೆ ಬಣ್ಣ ಎರಡರಲ್ಲೇ ಇಡೀ ಮೇಲಂಗಿಯ ಬೆಳಕು ನೆರಳನ್ನು ಒರಟಾಗಿ ಬರೆದುಕೊಂಡೆ. ನುಣುಪು ಬೇಕಿಲ್ಲ, ಜಾಗ ಸರಿಯಾಗಿರಬೇಕು ಅಷ್ಟೇ. ನೆರಿಗೆಯ ನೆತ್ತಿಗೆ ಕೆನೆ, ಆಳಕ್ಕೆ ಕಂದು. ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು ಪ್ರೈಮರ್ ಫೋಟೊ ಪಕ್ಕ ಇಟ್ಟು ನೋಡಿದೆ. ಎಡ ಭುಜದ ಕೆಳಗಿನ ದೊಡ್ಡ ಉಬ್ಬು ಎಲ್ಲಕ್ಕಿಂತ ಬೆಳ್ಳಗಿರಬೇಕು, ಬಲ ಅಂಚು ಪೂರ್ತಿ ನೆರಳಿಗೆ ಹೋಗಬೇಕು. ಅದು ಸರಿ ಕಂಡ ಮೇಲೆ ತೆಳು ಕೆಂಪನ್ನು ಪದರ ಪದರವಾಗಿ ಹಚ್ಚಿದೆ. ಪಾರದರ್ಶಕ ಅನ್ನುವ ದೋಷವೇ ಇಲ್ಲಿ ಗುಣ. ಕೆಳಗಿನ ಕೆನೆ ಒಳಗಿನಿಂದ ಹೊಳೆಯುತ್ತದೆ, ಕಂದು ಒಳಗಿನಿಂದಲೇ ನೆರಳು ಕೊಡುತ್ತದೆ.

ನೆರಳಿಗೆ ಎರಡು ಮಿಶ್ರಣ. ನೆರಿಗೆಗಳ ನಡುವಿನ ಬಿಸಿ ನೆರಳಿಗೆ ಬರೀ ಕ್ರಿಮ್ಸನ್, ಅಂದರೆ ಗಾಢ ಕೆಂಪು. ಬೆಳಕಿಗೆ ಬೆನ್ನು ಹಾಕಿದ ತಣ್ಣನೆ ನೆರಳಿಗೆ ಕ್ರಿಮ್ಸನ್‌ಗೆ ಥ್ಯಾಲೋ ಅನ್ನುವ ನೀಲಿ ಛಾಯೆಯ ಹಸಿರು ಬೆರೆಸಿದ್ದು. ಕೆಂಪಿಗೆ ಹಸಿರೇ ಎಂದು ಹುಬ್ಬೇರಿಸಬೇಡಿ. ಎದುರು ಬಣ್ಣಗಳು ಒಂದನ್ನೊಂದು ಕೊಲ್ಲುತ್ತವೆ, ಇವೆರಡು ಸೇರಿದರೆ ಟ್ಯೂಬಿನ ಕಪ್ಪಿಗಿಂತ ಜೀವ ಇರುವ ಕಪ್ಪು ಸಿಗುತ್ತದೆ. ಥ್ಯಾಲೋ ಹಸಿರು ಭಾರಿ ಜೋರು, ಬ್ರಶ್ಶಿನ ತುದಿಯಲ್ಲಿ ಚುಕ್ಕೆಯಷ್ಟು ತೆಗೆದುಕೊಂಡರೂ ಜಾಸ್ತಿಯೇ. ಬೆಳಕಿಗೆ ಕೆಂಪು, ಕೆಂಪಿಗೆ ಕಿತ್ತಳೆ, ಕೊನೆಯ ಗೆರೆಗಳಿಗೆ ಮಾತ್ರ ಕಿತ್ತಳೆಗೆ ತಿಳಿ ಚರ್ಮದ ಬಣ್ಣ. ಬಿಳಿ ಎಲ್ಲೂ ಇಲ್ಲ. ಗೊಂಬೆಗೆಂದೇ ಮಾಡಿದ ವಯೇಹೊ ಕಂಪನಿಯ ಥರದ ಬಣ್ಣಗಳಲ್ಲಿ ಪುಡಿ ನುಣ್ಣಗಿರುತ್ತದೆ, ತೆಳು ಮಾಡಿದರೂ ಒಡೆಯುವುದಿಲ್ಲ. ಕ್ರಾಫ್ಟ್ ಕೆಲಸದ ಅಗ್ಗದ ಅಕ್ರಿಲಿಕ್ ಕಂದು ಬರಹಕ್ಕೆ, ಗೊಂಬೆ ನಿಲ್ಲುವ ಪೀಠಕ್ಕೆ ಧಾರಾಳವಾಗಿ ಸಾಕು. ಈ ತೆಳು ಪದರಕ್ಕೆ ಮಾತ್ರ ಒಳ್ಳೆಯದಕ್ಕೇ ದುಡ್ಡು ಹಾಕಿ.

ಈ ತೆಳು ಪದರಕ್ಕೆ ಗ್ಲೇಜ್ ಅನ್ನುತ್ತಾರೆ. ಅದನ್ನು ಹಚ್ಚುವುದು ಹೇಗೆ ಅನ್ನುವುದನ್ನು ಒಂದೇ ಒಂದು ನೆರಿಗೆ ಹಿಡಿದು ಹೇಳುತ್ತೇನೆ. ಎಡ ಭುಜದಿಂದ ಕೆಳಕ್ಕೆ ಇಳಿಯುವ ಉಬ್ಬು, ಉದ್ದ ಒಂದೂವರೆ ಸೆಂ.ಮೀ. ಇರಬಹುದು. ಬಣ್ಣದ ಹದ ನೀರು ಮಜ್ಜಿಗೆಗಿಂತ ಗಟ್ಟಿ ಇರಬಾರದು. ಬ್ರಶ್ ಅದ್ದಿ, ಟಿಶ್ಯೂ ಮೇಲೆ ಪಕ್ಕಕ್ಕೆ ಒಮ್ಮೆ ಎಳೆದು, ತುದಿಯಲ್ಲಿ ತೊಟ್ಟು ನಿಲ್ಲದಂತೆ ಮಾಡಿಕೊಂಡು ಆಮೇಲೆ ಗೊಂಬೆಗೆ. ಇದನ್ನು ಬಿಟ್ಟರೆ ಬಣ್ಣ ಕೆರೆಯಾಗಿ ನಿಂತು ಅಂಚಿನಲ್ಲಿ ಉಂಗುರ ಕಟ್ಟುತ್ತದೆ. ಬ್ರಶ್ ಎಲ್ಲಿ ಎತ್ತುತ್ತೀರೋ ಅಲ್ಲಿ ಬಣ್ಣದ ಪುಡಿ ಜಾಸ್ತಿ ಉಳಿಯುತ್ತದೆ, ಹಾಗಾಗಿ ನೆರಳು ಹಚ್ಚುವಾಗ ಬೆಳಕಿನ ಕಡೆಯಿಂದ ನೆರಳಿನ ಕಡೆಗೆ ಎಳೆದು ನೆರಳಲ್ಲಿ ಎತ್ತಬೇಕು. ಬೆಳಕು ಹಚ್ಚುವಾಗ ಇದು ತಿರುಗುಮುರುಗು. ಕ್ರಿಮ್ಸನ್‌ನ ಮೊದಲ ಪದರ ಹಚ್ಚಿದಾಗ ಏನೂ ಆಗಿಲ್ಲ ಅನ್ನಿಸುತ್ತದೆ, ಹಾಗನ್ನಿಸಿದರೇ ಸರಿ. ಪೂರ್ತಿ ಒಣಗಲು ಬಿಡಬೇಕು, ಅರ್ಧ ಒಣಗಿದ್ದರ ಮೇಲೆ ಬ್ರಶ್ ಆಡಿಸಿದರೆ ಕೆಳಗಿನದು ಕಿತ್ತು ಬರುತ್ತದೆ. ಒಣಗುವ ಹೊತ್ತಿಗೆ ಪಕ್ಕದ ನೆರಿಗೆ. ಹೀಗೆ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಮೊದಲನೆಯದು ತಯಾರಾಗಿರುತ್ತದೆ. ಪ್ರತಿ ಸುತ್ತಿನಲ್ಲಿ ಬಣ್ಣ ಹಚ್ಚುವ ಜಾಗ ಹಿಂದಿನದಕ್ಕಿಂತ ಸ್ವಲ್ಪ ಕಿರಿದು. ಒಂದು ಹಂತ ಬರುತ್ತದೆ, ನೆರಳು ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಯಿತು ಎಂದು ಕನ್ನಡಕ ಹಾಕಿ ಹುಡುಕಿದರೂ ಸಿಗುವುದಿಲ್ಲ. ಆ ಕ್ಷಣಕ್ಕಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.

ನೆತ್ತಿಯ ಹೊಳಪು ಮಾತ್ರ ಗ್ಲೇಜ್ ಅಲ್ಲ. ಅದನ್ನು ಸ್ವಲ್ಪ ಗಟ್ಟಿ ಬಣ್ಣದಲ್ಲಿ ಒಂದೇ ಎಳೆತಕ್ಕೆ ಗೆರೆಯಾಗಿ ಎಳೆದು, ಆಮೇಲೆ ಎರಡೂ ಪಕ್ಕ ತೆಳು ಕಿತ್ತಳೆಯಿಂದ ಅಂಚು ಮೆತ್ತಗೆ ಮಾಡಿದೆ. ಸೀರೆಯಲ್ಲಿ ಕಂಡ ಕ್ರೇಪ್ ಹೊಳಪು ಅದೇ, ಗೆರೆ ಇದೆ, ಆದರೆ ಕತ್ತರಿಸುವುದಿಲ್ಲ.

ಅಂಚಿನ ಜರಿಗೆ ಬರುವ ಹೊತ್ತಿಗೆ ಮಂಡ್ಯದಿಂದ ಮಾವ ಬಂದಿದ್ದರು. ಅಮ್ಮನ ಅಣ್ಣ, ಅಂಗಡಿ ಬೋರ್ಡು, ಲಾರಿ ನಂಬರು ಬರೆದೇ ಸಂಸಾರ ನಡೆಸಿದವರು. ನಾನು ಗೊಂಬೆ ಹಿಡಿದು ಗೆರೆ ಎಳೆಯುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಕೈ ಗಾಳೀಲಿ ಐತಲ್ಲ ಕಣ್ಲಾ. ಎಲ್ಲಾದ್ರೂ ಊರು ಮೊದ್ಲು."

"ಎಲ್ಲಿ ಊರ್ಲಿ ಮಾವ? ಇಷ್ಟೇ ಇಷ್ಟು ಇದೆ ಗೊಂಬೆ."

"ಎರಡು ಮೊಣಕೈ ಮೇಜಿಗೆ. ಮಣಿಕಟ್ಟು ಮಣಿಕಟ್ಟಿಗೆ ತಾಗ್ಸು. ಕಿರುಬೆರಳು ಗೊಂಬೆ ಹಿಡಿದಿರೋ ಕೈಗೆ. ಈಗ ಎಳಿ, ತಳ್ಬೇಡ. ಗೆರೆ ನಿನ್ ಕಡೆ ಬರ್ಬೇಕು."

ದೊಡ್ಡ ಬೋರ್ಡ್ ಬರೆಯುವವರು ಕೋಲಿನ ಮೇಲೆ ಕೈ ಊರಿ ಗೆರೆ ಎಳೆಯುತ್ತಾರಲ್ಲ, ಅದೇ ಲೆಕ್ಕ. ಎರಡು ಕೈಯೂ ಒಂದಕ್ಕೊಂದು ತಾಗಿದ್ದರೆ ಅಲುಗಿದರೂ ಒಟ್ಟಿಗೇ ಅಲುಗುತ್ತವೆ, ಬ್ರಶ್‌ಗೂ ಗೊಂಬೆಗೂ ನಡುವೆ ನಡುಕ ಉಳಿಯುವುದಿಲ್ಲ. ಗೊಂಬೆಯನ್ನು ಒಂದು ದಪ್ಪ ಔಷಧಿ ಬಾಟಲಿಯ ಮೇಲೆ ಜೇಡಿಯಂಥ ಮೆತ್ತನೆ ಅಂಟು ಬ್ಲೂ ಟ್ಯಾಕ್‌ನಿಂದ ಕೂರಿಸಿದ್ದೆ, ಹಿಡಿತಕ್ಕೆ ಅದು ಅನುಕೂಲವಾಯಿತು. ಇನ್ನೊಂದು ವಿಷಯವನ್ನೂ ಮಾವ ತೋರಿಸಿದರು. ಬಣ್ಣ ಅದ್ದಿದ ಬ್ರಶ್ಶನ್ನು ಪ್ಯಾಲೆಟ್ ಮೇಲೆ ಮಲಗಿಸಿ, ಬೆರಳಲ್ಲಿ ಉರುಳಿಸುತ್ತ ಎಳೆದುಕೊಂಡರೆ ಕೂದಲೆಲ್ಲ ಒಂದೇ ತುದಿಗೆ ಸೇರುತ್ತವೆ. ಎನಾಮೆಲ್ ಬಣ್ಣದಲ್ಲಿ ಕಲಿತ ಕೈ, ಅಕ್ರಿಲಿಕ್‌ಗೂ ಹಾಗೇ ಒಗ್ಗಿತು.

ಜರಿಗೆ ನಾನು ಚಿನ್ನದ ಮೆಟಾಲಿಕ್ ಬಣ್ಣ ಬಳಸಲಿಲ್ಲ. ಅದರೊಳಗಿನ ಹೊಳೆಯುವ ಚೂರುಗಳು ಈ ಅಳತೆಗೆ ದೊಡ್ಡವು, ಒಂದು ಮಿ.ಮೀ. ಅಂಚಿನಲ್ಲಿ ಜರಿ ಕಾಣುವ ಬದಲು ಮಿಂಚುಪುಡಿ ಕಾಣುತ್ತದೆ. ಅದಕ್ಕಿಂತ ಮುಖ್ಯ ಕಾರಣ, ಲೋಹದ ಬಣ್ಣ ನಿಜವಾದ ದೀಪಕ್ಕೆ ಹೊಳೆಯುತ್ತದೆ, ಗೊಂಬೆ ತಿರುಗಿಸಿದರೆ ಹೊಳಪೂ ತಿರುಗುತ್ತದೆ. ನಾನು ಬರೆದ ಸೂರ್ಯ ಎಡಕ್ಕೇ ನಿಂತಿದ್ದಾನೆ. ಎರಡೂ ಒಂದೇ ಬಟ್ಟೆಯ ಮೇಲೆ ಜಗಳ ಆಡುತ್ತವೆ. ಹಾಗಾಗಿ ಕಂದು, ಕಾವಿ ಹಳದಿ, ಕೆನೆ, ನೆತ್ತಿಯಲ್ಲಿ ಮಾತ್ರ ಹೆಚ್ಚುಕಡಿಮೆ ಬಿಳಿ. ಮೈಸೂರು ಸಿಲ್ಕಿನ ಅಸಲಿ ಜರಿಯಲ್ಲಿ ಬೆಳ್ಳಿಯೇ ಹೆಚ್ಚು, ಚಿನ್ನ ಮೇಲಿನ ಲೇಪ. ಕಿಟಕಿಯ ಬೆಳಕಲ್ಲಿ ಅಮ್ಮನ ಸೀರೆಯ ಅಂಚು ತೀರ ಹೊಳೆಯುವ ಕಡೆ ಹಳದಿ ಕಾಣದೆ ಬೆಳ್ಳಗೇ ಕಂಡಿತ್ತು, ಅದನ್ನೇ ಇಲ್ಲಿ ತಂದೆ. ಎರಡು ಗೆರೆ, ನಡುವೆ ಚುಕ್ಕಿ ಸಾಲು. ನೆರಳಿಗೆ ಹೋದ ಬಲ ಭಾಗದಲ್ಲಿ ಜರಿಯೂ ಕಂದುಬಣ್ಣಕ್ಕೆ ಇಳಿಯುತ್ತದೆ. ಇದನ್ನು ಮರೆಯದಿರಿ, ಅಂಚು ಎಲ್ಲ ಕಡೆ ಒಂದೇ ಸಮ ಹೊಳೆದರೆ ಇಷ್ಟು ಹೊತ್ತು ಬರೆದ ನೆರಳು ವ್ಯರ್ಥ.

ಅಮ್ಮನಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋ­ಡಿದಳು. "ಬಣ್ಣ ಹಾಗೇ ಇದೆ ಕಣೋ. ಅಂಚು ಇನ್ನೊಂಚೂರು ಅಗಲ ಇರ್ಬೇಕಿತ್ತು, ಇಷ್ಟು ಸಣ್ಣ ಅಂಚು ನಾವು ಮದುವೆಗೆ ಉಡಲ್ಲ." ಮಾಂತ್ರಿಕನಿಗೆ ಮದುವೆ ಇಲ್ಲ, ಆದರೆ ಅವಳು ಹೇಳಿದ್ದು ಸರಿ. ದೂರದಿಂದ ಅಂಚು ಕೆಂಪಿನಲ್ಲಿ ಕರಗುತ್ತಿತ್ತು. ಒಳಗಡೆ ಇನ್ನೊಂದು ಗೆರೆ ಸೇರಿಸಿ ಅಗಲ ಮಾಡಿದೆ, ಈಗ ಮೇಜಿನ ಆಚೆಯಿಂದಲೂ ಜರಿ ಅಂತ ಗೊತ್ತಾಗುತ್ತದೆ.

ಉಳಿದದ್ದೆಲ್ಲ ಬೇಗ ಮುಗಿಯಿತು. ಒಳಗಿನ ನಿಲುವಂಗಿಗೆ ಮಂಕು ಬೂದು ನೀಲಿ, ಹತ್ತಿಯಂತೆ ಅಗಲ ಬೆಳಕು, ಪಕ್ಕದ ರೇಷ್ಮೆ ಎದ್ದು ಕಾಣಲಿ ಎಂದು. ಗಡ್ಡಕ್ಕೆ ಅಚ್ಚ ಬಿಳಿ ಬೇಡ, ಬೂದುಗಂದಿನಿಂದ ಕೆನೆಯವರೆಗೆ. ಕಣ್ಣಿಗೆ ಮೊದಲು ಗಾಢ ಕಂದು, ಅದರ ಮೇಲೆ ಕೆನೆಯ ಅಡ್ಡ ಗೆರೆ, ನಡುವೆ ಚುಕ್ಕೆ. ಹೊರಗೆ ಚೆಲ್ಲಿದ್ದನ್ನು ಚರ್ಮದ ಬಣ್ಣದಿಂದ ಸರಿ ಮಾಡಿದರಾಯಿತು. ಮೂಗಿನ ತುದಿ ಮತ್ತು ಕೆಳ ರೆಪ್ಪೆಗೆ ಮೇಲಂಗಿಯದೇ ಕೆಂಪನ್ನು ತೀರ ತೆಳುವಾಗಿ ಕೊಟ್ಟೆ, ಮುದುಕನಿಗೆ ರಕ್ತ ಬಂತು.

ಗೊಂಬೆ ನಿಲ್ಲುವ ಪೀಠಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ತಾರಸಿ ಕುಂಡದ ಮಣ್ಣು ಜರಡಿ ಹಿಡಿದು, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬೆರೆಸಿ, ಫೆವಿಕಾಲ್‌ಗೆ ನೀರು ಹಾಕಿ ಅಂಟಿಸಿದರೆ ಕಾಡಿನ ನೆಲ. ಚರಟ ಚೂರು ಹಸಿ ಇದ್ದರೂ ಬೂಸು ಬರುತ್ತದೆ. ಒಣ ಹುಲ್ಲಿಗೆ ಮಾವ ತಂದಿದ್ದ ತೆಂಗಿನಕಾಯಿಯ ನಾರು, ಚಿಕ್ಕ ಚಿಕ್ಕದಾಗಿ ಕತ್ತರಿಸಿ ನೆಟ್ಟಿದ್ದು. ಪೀಠವನ್ನು ತಣ್ಣನೆಯ ಹಸಿರು ಕಂದಿನಲ್ಲೇ ಇಟ್ಟೆ, ಕೆಂಪು ಇನ್ನಷ್ಟು ಉರಿಯುತ್ತದೆ.

ಕೊನೆಗೆ ವಾರ್ನಿಶ್. ಇಡೀ ಗೊಂಬೆಗೆ ಮೊದಲು ಹೊಳಪಿಲ್ಲದ ಮ್ಯಾಟ್, ಯಾಕೆಂದರೆ ಗ್ಲೇಜ್ ಪದರಗಳು ಒಂದೊಂದು ಕಡೆ ಒಂದೊಂದು ಥರ ಮಿನುಗುತ್ತಿರುತ್ತವೆ, ಮ್ಯಾಟ್ ಅವನ್ನೆಲ್ಲ ಸಮ ಮಾಡುತ್ತದೆ. ಅದು ಚೆನ್ನಾಗಿ ಒಣಗಿದ ಮೇಲೆ ಮೇಲಂಗಿಗೆ ಮಾತ್ರ ಅರೆಹೊಳಪಿನ ಸ್ಯಾಟಿನ್ ವಾರ್ನಿಶ್ ಅನ್ನು ಬ್ರಶ್‌ನಲ್ಲಿ, ನೆರಿಗೆಯ ಉದ್ದಕ್ಕೆ, ಒಂದೇ ತೆಳು ಕೈ. ತುಂಬ ಹೊಳೆಯುವ ಗ್ಲಾಸಿ ವಾರ್ನಿಶ್ ಬೇಡ, ಕ್ರೇಪ್ ಹೋಗಿ ಪ್ಲಾಸ್ಟಿಕ್ ಆಗುತ್ತದೆ. ಕಣ್ಣಿನ ಚುಕ್ಕೆಗೆ ಮತ್ತು ದಂಡದ ಚಂದ್ರನಿಗೆ ಒಂದೊಂದು ತೊಟ್ಟು ಗ್ಲಾಸಿ ವಾರ್ನಿಶ್ ಹಾಕಿದ್ದೇನೆ. ಕೆಂಪು, ಕ್ರಿಮ್ಸನ್, ಹಸಿರಿನ ಮಿಶ್ರಣಗಳನ್ನು ಒಂದು ರಟ್ಟಿನ ತುಂಡಿನ ಮೇಲೆ ಹಚ್ಚಿ ಪಕ್ಕದಲ್ಲಿ ಎಷ್ಟಕ್ಕೆ ಎಷ್ಟು ಎಂದು ಬರೆದಿಟ್ಟಿದ್ದೇನೆ. ಮುಂದಿನ ಗೊಂಬೆ ಕುದುರೆ ಮೇಲಿನ ಸೇನಾಪತಿ, ಅವನ ಪಾಠ ಚರ್ಮದ ಜೀನು.